ಇಂಗ್ಲಿಷಿನ ಒಂದೇ 'ಪುಟ್', ರಷ್ಯನ್ನಲ್ಲಿ ಯಾವ ಪದ? ನಾನು ಬಳಸಿ ನೋಡಿದ್ದು

ರಷ್ಯಾದಲ್ಲಿ ಡಾಕ್ಟರಿಕೆ ಓದ್ತಾ ಮೂರನೇ ವರ್ಷದಲ್ಲಿ ವಾರ್ಡಿಗೆ ಹೋಗೋಕೆ ಶುರು ಮಾಡಿದಾಗ ನನಗೆ ಬರ್ತಿದ್ದದ್ದು ಅಂಗಡಿ ರಷ್ಯನ್, ಬಸ್ ರಷ್ಯನ್ ಅಷ್ಟೇ. ಪಾಠ ಎಲ್ಲ ಇಂಗ್ಲಿಷಲ್ಲಿ, ಆದ್ರೆ ಪೇಷೆಂಟ್ ಇಂಗ್ಲಿಷ್ ಮಾತಾಡಲ್ವಲ್ಲ. ಒಬ್ಬರು ವಯಸ್ಸಾದ ಹೆಂಗಸಿಗೆ ಜ್ವರ ನೋಡ್ಬೇಕಿತ್ತು. ಅಲ್ಲಿ ಥರ್ಮಾಮೀಟರನ್ನ ಕಂಕುಳಲ್ಲಿ ಇಡೋದು, 36.6 ಇದ್ರೆ ನಾರ್ಮಲ್. ನಾನು ತಲೇಲಿ ಇಂಗ್ಲಿಷಿನ 'ಪುಟ್' ಇಟ್ಕೊಂಡು ಅದಕ್ಕೆ ಡಿಕ್ಷನರೀಲಿ ಮೊದಲು ಸಿಕ್ಕಿದ್ದ ಪದ ತೆಗೆದು 'ಪಲಝೀತೆ ಗ್ರಾದುಸ್ನಿಕ್' ಅಂದೆ (ಗ್ರಾದುಸ್ನಿಕ್ ಅಂದ್ರೆ ಥರ್ಮಾಮೀಟರ್). ಅವರು ನನ್ನ ಕೈಯಿಂದ ಥರ್ಮಾಮೀಟರ್ ಇಸ್ಕೊಂಡು ಮಂಚದ ಪಕ್ಕದ ಚಿಕ್ಕ ಬೀರು ಮೇಲೆ ನಿಧಾನಕ್ಕೆ ಮಲಗಿಸಿ, ಮುಂದೇನು ಅನ್ನೋ ಹಾಗೆ ನನ್ನ ಮುಖ ನೋಡಿದ್ರು. ಅವರದ್ದೇನೂ ತಪ್ಪಿಲ್ಲ, ನಾನು ಏನ್ ಹೇಳಿದ್ನೋ ಅದನ್ನೇ ಮಾಡಿದ್ದು. ಹೇಳ್ಬೇಕಿದ್ದದ್ದು 'ಪಸ್ತಾಫ್ತೆ ಗ್ರಾದುಸ್ನಿಕ್' ಅಂತ. ಅವತ್ತು ರಾತ್ರಿ ಹಾಸ್ಟೆಲಲ್ಲಿ ಕೂತು ಒಂದು ನೋಟ್‌ಬುಕ್ ಶುರು ಮಾಡ್ದೆ, ಇಂಗ್ಲಿಷಿನ 'ಪುಟ್'ಗೆ ರಷ್ಯನ್ನವರು ನಿಜವಾಗ್ಲೂ ಯಾವ ಪದ ಎಲ್ಲಿ ಬಳಸ್ತಾರೆ ಅಂತ ಕಿವಿಗೆ ಬಿದ್ದಿದ್ದನ್ನೆಲ್ಲ ಬರ್ಕೊಳ್ಳೋಕೆ. ಈಗ ಅಲ್ಲಿಗೆ ಹೋಗ್ತಿರೋ ನಮ್ಮ ಹುಡುಗ್ರು ಹುಡುಗೀರಿಗೆ ಉಪಯೋಗ ಆಗ್ಲಿ ಅಂತ ಅದನ್ನ ಇಲ್ಲಿ ಹಾಕ್ತಿದೀನಿ.

ಮೊದಲೇ ಒಂದು ಮಾತು, ನಾನು ಇಲ್ಲಿ ಬರೀತಿರೋದು ಕೇಳೋ ಹಾಗೆ, ಅವರ ಸ್ಪೆಲ್ಲಿಂಗ್ ಪ್ರಕಾರ ಅಲ್ಲ. ಒತ್ತು ಬೀಳದ ಒ ಅವರ ಬಾಯಲ್ಲಿ ಅ ಥರ ಆಗತ್ತೆ, ಅದಕ್ಕೇ ಪಲಝೀತ್, ಪಸ್ತಾವಿತ್. ಮೇಲಿನ ಪಲಝೀತೆ, ಪಸ್ತಾಫ್ತೆ ಅಂದ್ರೆ ಇವನ್ನೇ 'ಇಡಿ' ಅಂತ ಹೇಳೋ ರೂಪ.

ಮುಖ್ಯ ಸ್ಪರ್ಧಿಗಳು ನಾಲ್ಕು. ಪಲಝೀತ್ ಅಂದ್ರೆ ಮಲಗಿರೋ ಹಾಗೆ ಇಡೋದು. ಪಸ್ತಾವಿತ್ ಅಂದ್ರೆ ನಿಂತಿರೋ ಹಾಗೆ ಇಡೋದು. ಪವೇಸಿತ್ ನೇತು ಹಾಕೋದು, ಪಸದೀತ್ ಕೂರಿಸೋದು. ಪುಸ್ತಕವನ್ನ ಟೇಬಲ್ ಮೇಲೆ ಇಟ್ರೆ ಪಲಝೀತ್, ಅದೇ ಪುಸ್ತಕವನ್ನ ಶೆಲ್ಫಲ್ಲಿ ಬೆನ್ನು ಕಾಣೋ ಹಾಗೆ ನಿಲ್ಲಿಸಿಟ್ರೆ ಪಸ್ತಾವಿತ್. ಪುಸ್ತಕ ಬದಲಾಗ್ಲಿಲ್ಲ, ಇಟ್ಟ ಕೈಯೂ ಬದಲಾಗ್ಲಿಲ್ಲ, ಪದ ಮಾತ್ರ ಬದಲಾಯ್ತು. ಇಷ್ಟು ಕೇಳಿದ್ರೆ ಸುಲಭ ಅನ್ಸತ್ತೆ, ಅಡ್ಡ ಇದ್ರೆ ಇದು ಉದ್ದ ಇದ್ರೆ ಅದು ಅಂತ. ನಮಗೆ ಕ್ಲಾಸಲ್ಲಿ ಹೇಳ್ಕೊಟ್ಟಿದ್ದೂ ಇಷ್ಟೇ. ನಾನು ಆ ರೂಲ್ ನಂಬ್ಕೊಂಡು ಸುಮಾರು ಎರಡು ತಿಂಗಳು ಓಡಾಡಿದೀನಿ, ಅದು ಊಟದ ಟೇಬಲ್ ಹತ್ರ ಬಂದಾಗ ಮುರಿದು ಬಿತ್ತು.

ಯಾಕಂದ್ರೆ ತಟ್ಟೆ. ತಟ್ಟೆಗಿಂತ ಅಡ್ಡಡ್ಡ ಇರೋ ವಸ್ತು ಯಾವುದಿದೆ ಹೇಳಿ, ಆದ್ರೆ ರಷ್ಯನ್ನರು ತಟ್ಟೆಗೆ ಪಸ್ತಾವಿತ್ ಅಂತಾರೆ, ತಟ್ಟೆ 'ನಿಂತಿರತ್ತೆ'. ಪಕ್ಕದಲ್ಲಿರೋ ಫೋರ್ಕು ಸ್ಪೂನಿಗೆ ಪಲಝೀತ್, ಅವು 'ಮಲಗಿರತ್ವೆ'. ಬಾಣಲೆ ನಿಂತಿರತ್ತೆ, ಚೆಂಡು ಮಲಗಿರತ್ತೆ, ಮೂಲೇಲಿರೋ ಬೂಟು ನಿಂತಿರತ್ತೆ, ಅದರೊಳಗಿಂದ ತೆಗೆದು ಬಿಸಾಕಿದ ಸಾಕ್ಸ್ ಮಲಗಿರತ್ತೆ, ಕಾರು ಲಾರಿ ಎಲ್ಲ ನಿಂತಿರತ್ವೆ. ಆಮೇಲೆ ಅರ್ಥ ಆಯ್ತು, ಉದ್ದ ಅಡ್ಡ ಅನ್ನೋದಲ್ಲ ಲೆಕ್ಕ, ಆ ವಸ್ತುಗೆ ಒಂದು ತಳ ಇದೆಯಾ, ತನ್ನ ಕೆಲಸ ಮಾಡೋ ಭಂಗೀಲಿ ಆ ತಳದ ಮೇಲೆ ಇದೆಯಾ ಅನ್ನೋದು. ತಟ್ಟೆಗೆ ತಳ ಇದೆ, ಊಟಕ್ಕೆ ರೆಡಿ ಇದೆ, ನಿಂತಿದೆ. ಅದನ್ನೇ ಬೋರಲು ಹಾಕಿದ್ರೆ ಮಲಗ್ತು. ಚೆಂಡಿಗೆ ತಳವೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದ್ರೆ ಮಲಗಿರತ್ತೆ, ತೆರೆದು ಕೆಲಸಕ್ಕೆ ಇಟ್ಟಿದ್ರೆ ನಿಂತಿರತ್ತೆ. ಫ್ರಿಜ್ಜಿಗೆ ಹಾಲಿನ ಡಬ್ಬ ಇಡೋದು ಪಸ್ತಾವಿತ್, ಚೀಸ್ ತುಂಡು ಇಡೋದು ಪಲಝೀತ್, ಎರಡೂ ಒಂದೇ ಕೈಯಲ್ಲಿ ಹಿಡ್ಕೊಂಡು ಒಂದೇ ಬಾಗ್ಲು ತೆಗೆದು ಇಡ್ತಿದ್ರೂ ಸಹ.

ಹಾಗಾಗಿ ನನಗೆ ಕೆಲಸ ಕೊಟ್ಟ ಉಪಾಯ ಏನಂದ್ರೆ, ಇಡೋ ಕ್ರಿಯೆ ಬಗ್ಗೆ ಯೋಚ್ನೆನೇ ಮಾಡಬಾರ್ದು, ಇಟ್ಟ ಮೇಲೆ ಅದು ಹೇಗಿರತ್ತೆ ಅಂತ ಕೇಳ್ಕೋಬೇಕು. ಲಿಝೀತ್ (ಮಲಗಿದೆ), ಸ್ತಯೀತ್ (ನಿಂತಿದೆ), ವಿಸೀತ್ (ನೇತಾಡ್ತಿದೆ), ಸಿದೀತ್ (ಕೂತಿದೆ). ಈ ನಾಲ್ಕು ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರತ್ತೆ, ಯಾಕಂದ್ರೆ ನಾವು 'ಪುಸ್ತಕ ಟೇಬಲ್ ಮೇಲಿದೆ' ಅಂತ ಬರೀ 'ಇದೆ'ಯಲ್ಲಿ ಮುಗಿಸೋ ಕಡೆ ಅವರು ಸಾಮಾನ್ಯವಾಗಿ ಮಲಗಿದೆ ನಿಂತಿದೆ ಅಂತಾನೇ ಹೇಳೋದು. ಅದನ್ನ ಕೇಳಿಸ್ಕೊಂಡು ನೆನಪಿಟ್ಕೊಂಡ್ರೆ ಇಡೋ ಪದ ತಾನಾಗೇ ಬರತ್ತೆ. ಲಿಝೀತ್ ಅಂದ್ರೆ ಪಲಝೀತ್, ಸ್ತಯೀತ್ ಅಂದ್ರೆ ಪಸ್ತಾವಿತ್. ನಾನು ಟ್ರೈ ಮಾಡಿದ ದಾರಿಗಳಲ್ಲಿ ವಸ್ತುಗಳ ವಿಷಯಕ್ಕೆ ಇದಕ್ಕಿಂತ ಗಟ್ಟಿ ದಾರಿ ಇನ್ನೊಂದಿಲ್ಲ.

ಆದ್ರೆ ವಸ್ತು ಅಲ್ಲದ ಕಡೆ? ಮಾರ್ಕ್ಸ್, ಸೈನ್, ಚಾರ್ಜು, ಇವು ನಿಲ್ಲೋದೂ ಇಲ್ಲ ಮಲಗೋದೂ ಇಲ್ಲ. ಇಲ್ಲಿ ನನಗೆ ಕೈ ಹಿಡಿದಿದ್ದು ಕನ್ನಡ, ಇದನ್ನ ನಾನು ಒಂಚೂರೂ ನಿರೀಕ್ಷೆ ಮಾಡಿರ್ಲಿಲ್ಲ. ನಮ್ಮಲ್ಲಿ ಇಡು, ಹಾಕು ಅಂತ ಎರಡಿದೆ, ಜೊತೆಗೆ ಕೂರಿಸು ಇದೆ, ಹಾಗಾಗಿ ಇಂಗ್ಲಿಷಿನಷ್ಟು ಬರಿಗೈಯಲ್ಲಿ ನಾವು ಹೋಗಲ್ಲ. ನಮ್ಮಮ್ಮ 'ಅನ್ನಕ್ಕಿಟ್ಟಿದೀನಿ', 'ಕಾಫಿಗಿಡು' ಅಂತಾರೆ, ಪಾತ್ರೆ ಹೆಸರೂ ಬೇಡ ಒಲೆ ಹೆಸರೂ ಬೇಡ, ಎಲ್ಲ ಅದರಲ್ಲೇ ಬಂತು. ರಷ್ಯನ್ನಲ್ಲಿ 'ಪಸ್ತಾಫ್ ಚಾಯ್ನಿಕ್' ಅಂದ್ರೂ ಅಷ್ಟೇ, ಕೆಟಲ್ ನಿಲ್ಲಿಸು ಅಂತ ಪದದ ಅರ್ಥ, ನೀರು ತುಂಬಿ ಕಾಯೋಕೆ ಇಡು ಅಂತ ಮಾತಿನ ಅರ್ಥ. ಮೇಷ್ಟ್ರು ಮಾರ್ಕ್ಸ್ ಹಾಕೋದು, ಅರ್ಜಿಗೆ ಸೈನ್ ಹಾಕೋದು, ಫೋನನ್ನ ಚಾರ್ಜಿಗೆ ಹಾಕೋದು, ಈ ಮೂರೂ ಕನ್ನಡದಲ್ಲಿ 'ಹಾಕು', ಅಲ್ಲಿ ಮೂರೂ ಪಸ್ತಾವಿತ್. ಅಲ್ಲಿನ ಮಾರ್ಕ್ಸು 5ಕ್ಕೆ, ಐದು ಬಂದ್ರೆ ಟಾಪ್, ಎರಡು ಬಂದ್ರೆ ಫೇಲು, ಯಾವುದೇ ಬಂದ್ರೂ ಅವರು ಅದನ್ನ 'ನಿಲ್ಲಿಸ್ತಾರೆ'. ಅದಕ್ಕೇ ನಾನು ಒಂದು ಅಂದಾಜು ಇಟ್ಕೊಂಡೆ, ಕಣ್ಣಿಗೆ ಕಾಣೋ ವಸ್ತು ಅಲ್ಲ, ಕನ್ನಡದಲ್ಲಿ ಸಲೀಸಾಗಿ 'ಹಾಕು' ಬರತ್ತೆ ಅಂದ್ರೆ ಮೊದಲು ಪಸ್ತಾವಿತ್ ಹೇಳಿ ನೋಡೋದು. ಸುಮಾರು ಸಲ ಸರಿ ಹೋಯ್ತು.

ಸರಿ ಹೋಗದ ಕಡೆ ಅಂದ್ರೆ ದುಡ್ಡು. ಬ್ಯಾಂಕಿಗೆ ದುಡ್ಡು ಹಾಕೋದು, ಫೋನಿಗೆ ಕರೆನ್ಸಿ ಹಾಕೋದು ಎರಡೂ ಪಲಝೀತ್, ದುಡ್ಡು ಅಕೌಂಟಲ್ಲಿ ಮಲಗಿರತ್ತೆ. ಅಡುಗೇಲೂ ಎಡವಿದೀನಿ. ನಾವು ಸಕ್ಕರೆನೂ ಹಾಕ್ತೀವಿ ಹಾಲೂ ಹಾಕ್ತೀವಿ, ಅಲ್ಲಿ ಚಹಾಕ್ಕೆ ಸಕ್ಕರೆ ಪಲಝೀತ್ (ಅವರ 'ಸಾಖರ್'ಗೂ ನಮ್ಮ ಸಕ್ಕರೆಗೂ ಮೂಲ ಒಂದೇ, ಸಂಸ್ಕೃತದ ಶರ್ಕರಾ, ಈ ಪದ ಕೇಳಿದಾಗ್ಲೆಲ್ಲ ನನಗೆ ಖುಷಿ ಆಗ್ತಿತ್ತು), ಹಾಲಿಗೆ ಮಾತ್ರ ನಲೀತ್, ಅಂದ್ರೆ ಸುರಿಯೋದು. ದ್ರವ ಯಾವುದೇ ಇರ್ಲಿ, ಪಲಝೀತ್ ಅನ್ನೋ ಹಾಗಿಲ್ಲ. ಕನ್ನಡದಿಂದ ನೇರ ಹೋದ್ರೆ ಇಲ್ಲಿ ಗ್ಯಾರಂಟಿ ತಪ್ಪತ್ತೆ.

ಕನ್ನಡ ತುಂಬ ಚೆನ್ನಾಗಿ ಹೊಂದೋದು 'ಕೂರಿಸು' ಹತ್ರ. ನಾವು ಗಣಪತಿ ಕೂರಿಸ್ತೀವಿ, ದಸರಾಗೆ ಗೊಂಬೆ ಕೂರಿಸ್ತೀವಿ, ಅದೆಲ್ಲ ಅವರಿಗಿಲ್ಲ, ಆದ್ರೆ ಅವರು ಪಸದೀತ್ ಅನ್ನೋದನ್ನ ಎಲ್ಲೆಲ್ಲಿ ಬಳಸ್ತಾರೆ ನೋಡಿ. ಮಗುವನ್ನ ಕುರ್ಚಿ ಮೇಲೆ ಇಡೋದು, ಸರಿ. ಗಿಡ ನೆಡೋದೂ ಪಸದೀತ್, ಬೇಸಿಗೆ ಬಂತು ಅಂದ್ರೆ ಊರಾಚೆ ತೋಟಕ್ಕೆ ಹೋಗಿ ಆಲೂಗಡ್ಡೆ 'ಕೂರಿಸಿ' ಬರ್ತಾರೆ. ಜೈಲಿಗೆ ಹಾಕೋದು ಪಸದೀತ್, ವಿಮಾನ ಇಳಿಸೋದು ಪಸದೀತ್, ಹಳೇ ಕಾಲದ ಒಲೆಗೆ ಬ್ರೆಡ್ ಹಾಕೋದೂ ಪಸದೀತ್. ಫೋನ್ ಬ್ಯಾಟರಿ ಖಾಲಿ ಮಾಡ್ಕೊಂಡ್ರೂ ಬ್ಯಾಟರಿ ಕೂರಿಸಿದೆ ಅಂತಾರೆ. ನೊಣ ಗೋಡೆ ಮೇಲೆ ಕೂತಿದೆ ಅನ್ನೋದು ನಮ್ಮಲ್ಲೂ ಅಲ್ಲೂ ಒಂದೇ, ಬ್ಲೌಸ್ ಮೈಗೆ ಸರಿಯಾಗಿ ಕೂತಿದೆ ಅನ್ನೋದೂ ಒಂದೇ, ಅವರೂ ಡ್ರೆಸ್ ಚೆನ್ನಾಗಿ 'ಸಿದೀತ್' ಅಂತಾರೆ. ಇದನ್ನ ಇಂಗ್ಲಿಷಿಂದ ಕಲಿತಿದ್ರೆ ಪ್ರತಿಯೊಂದನ್ನೂ ಬಾಯಿಪಾಠ ಮಾಡ್ಬೇಕಿತ್ತು, ಕನ್ನಡದ ಮನಸ್ಸಿಗೆ ಅರ್ಧ ಆಗ್ಲೇ ಗೊತ್ತಿದೆ. ಧೂಳು ಒಂದು ಮೋಸ ಮಾಡ್ತು, ನಮ್ಮಲ್ಲಿ ಧೂಳು ಕೂರತ್ತೆ, ಅಲ್ಲಿ ಮಲಗಿರತ್ತೆ.

ಪವೇಸಿತ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಕೋಟು ನೇತು ಹಾಕೋದು, ಗೋಡೆಗೆ ಫೋಟೋ ಹಾಕೋದು. ಕಾಲೇಜು, ಆಸ್ಪತ್ರೆ, ಥಿಯೇಟರ್ ಎಲ್ಲಿ ಹೋದ್ರೂ ಚಳಿಗಾಲದಲ್ಲಿ ಮೊದಲು ಕೋಟು ನೇತು ಹಾಕೋ ಕೌಂಟರಲ್ಲಿ ಕೋಟ್ ಕೊಟ್ಟೇ ಒಳಗೆ ಹೋಗ್ಬೇಕು, ಹಾಗಾಗಿ ಈ ಪದ ಯಾರಿಗೂ ತಪ್ಪಲ್ಲ.

ಡಾಕ್ಟರಿಕೆ ಓದೋರಿಗೆ ಬೇಕಾಗಿರೋ ಭಾಗ ಇದು, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಡಯಾಗ್ನೋಸಿಸ್ ಮಾಡೋದು ಪಸ್ತಾವಿತ್ ದಿಆಗ್ನೋಸ್, ಡ್ರಿಪ್ ಹಾಕೋದು ಪಸ್ತಾವಿತ್ ಕಾಪೆಲ್ನಿತ್ಸು, ಥರ್ಮಾಮೀಟರ್ ಕಥೆ ಹೇಳಿದೀನಿ. ಇಂಜೆಕ್ಷನ್ ಹತ್ರ ಮಾತ್ರ ಎರಡು ಪಕ್ಷ ಇದೆ. ಬುಕ್ಕಿನ ಭಾಷೇಲಿ ಅದು 'ಸ್ದೇಲತ್ ಉಕೋಲ್', ಇಂಜೆಕ್ಷನ್ ಮಾಡೋದು. ಆದ್ರೆ ಉರಲ್, ಸೈಬೀರಿಯಾ ಕಡೆಯವರು ಪಸ್ತಾವಿತ್ ಉಕೋಲ್ ಅಂತಾರೆ, ನಮ್ಮ ವಾರ್ಡಲ್ಲಿ ಉರಲ್ ಕಡೆಯ ಒಬ್ಬ ನರ್ಸ್ ಯಾವಾಗ್ಲೂ ಹಾಗೇ ಹೇಳ್ತಿದ್ರು, ನನ್ನ ಬಾಯಿಗೂ ಅದೇ ಬಂದ್ಬಿಡ್ತು. ಕನ್ನಡದ 'ಇಂಜೆಕ್ಷನ್ ಹಾಕು'ಗೂ ಅದು ಹತ್ರ. ಓರಲ್ ಪರೀಕ್ಷೇಲಿ ಹಾಗೆ ಹೇಳಿದ್ದಕ್ಕೆ ಪ್ರೊಫೆಸರ್ ನಡುವೆ ತಡೆದು ತಿದ್ದಿದ್ರು. ಅರ್ಥ ಎಲ್ಲರಿಗೂ ಆಗತ್ತೆ, ಆದ್ರೆ ಪರೀಕ್ಷೇಲಿ ಸ್ದೇಲತ್ ಅನ್ನೋದೇ ಕ್ಷೇಮ.

ಪಲಝೀತ್‌ಗೂ ಆಸ್ಪತ್ರೇಲಿ ಒಂದು ದೊಡ್ಡ ಕೆಲಸ ಇದೆ. ಒಬ್ಬ ತಾತ ನನ್ನ ಹತ್ರ 'ಮಿನ್ಯಾ ಪಲಝೀಲಿ' ಅಂದಾಗ ನನ್ನನ್ನ ಹಾಸಿಗೆ ಮೇಲೆ ಮಲಗಿಸಿದ್ರು ಅಂತ ಅರ್ಥ ಮಾಡ್ಕೊಂಡು, ಯಾರು ಮಲಗಿಸಿದ್ದು, ಬಿದ್ದಿದ್ರಾ ಅಂತೆಲ್ಲ ಕೇಳ್ತಾ ಹೋದೆ. ಅವರು ಹೇಳಿದ್ದು ಅಡ್ಮಿಟ್ ಮಾಡಿದ್ರು ಅಂತ. ಆಸ್ಪತ್ರೆಗೆ ಸೇರಿಸೋದು ಪಲಝೀತ್, ಅಡ್ಮಿಟ್ ಆಗಿರೋದು ಮಲಗಿರೋದು, ಆ ಮನುಷ್ಯ ಕಾರಿಡಾರಲ್ಲಿ ಆರಾಮಾಗಿ ಓಡಾಡ್ಕೊಂಡಿದ್ರೂ ಸಹ. ಕೇಸ್ ಹಿಸ್ಟರಿ ತಗೋವಾಗ ಇದು ಗೊತ್ತಿಲ್ಲ ಅಂದ್ರೆ ಇಡೀ ದಾರಿ ತಪ್ಪತ್ತೆ.

ಇನ್ನೊಂದು ತೊಂದ್ರೆ ಪಲಝೀತ್‌ಗೆ ಇದೆ. ಒಂದು ಸಲ ಇಟ್ಟು ಮುಗಿದ್ರೆ ಪಲಝೀತ್, ದಿನಾ ಇಡ್ತೀನಿ, ಇಡ್ತಾ ಇದೀನಿ, ಇಡಬೇಡ ಅನ್ನೋಕೆ ಪೂರ್ತಿ ಬೇರೆ ಪದ, ಕ್ಲಾಸ್ತ್. ಪಸ್ತಾವಿತ್‌ಗೆ ಮುಂದಿನ ಪ ತೆಗೆದು ಸ್ತಾವಿತ್ ಅಂದ್ರೆ ಆಯ್ತು, ಹಾಗೇ ಪಲಝೀತ್‌ಗೂ ಪ ತೆಗೆದು ಹೇಳೋಣ ಅಂತ ಹೋದ್ರೆ ಎಲ್ಲರೂ ತಿದ್ದೋಕೆ ಬರ್ತಾರೆ. ರಷ್ಯನ್ನರೇ ಎಷ್ಟೋ ಜನ ಮಾತಾಡುವಾಗ ಹಾಗೆ ಹೇಳ್ತಾರೆ, ಆದ್ರೆ ಓದಿದೋರ ಕಿವಿಗೆ ಅದು ಮುಳ್ಳು. ಇದು ನನಗೆ ಗಟ್ಟಿಯಾಗಿದ್ದು ಎರಡು ಮೂಢನಂಬಿಕೆಯಿಂದ. ಐದನೇ ವರ್ಷ ಹಾಸ್ಟೆಲ್ ಬಿಟ್ಟು ಒಂದು ರೂಮ್ ಬಾಡಿಗೆಗೆ ತಗೊಂಡಿದ್ದೆ, ಆ ಮನೆಯ ಅಜ್ಜಿ ನಾನು ಬಂದು ಕೀ ಎಸೆದಾಗ್ಲೆಲ್ಲ 'ನಿ ಕ್ಲದೀ ಕ್ಲುಚೀ ನ ಸ್ತೋಲ್' ಅನ್ನೋರು, ಟೇಬಲ್ ಮೇಲೆ ಕೀ ಇಡಬೇಡ, ದುಡ್ಡು ನಿಲ್ಲಲ್ಲ ಅಂತ. ಖಾಲಿ ಬಾಟ್ಲು ಕಂಡ್ರೆ 'ನಿ ಸ್ತಾಫ್', ಅದನ್ನೂ ಟೇಬಲ್ ಮೇಲೆ ಇಡಬಾರ್ದು, ತಕ್ಷಣ ಕೆಳಗಿಡ್ಬೇಕು. ಕೀ ಮಲಗತ್ತೆ ಬಾಟ್ಲು ನಿಲ್ಲತ್ತೆ, ಬೇಡ ಅನ್ನುವಾಗ ಕ್ಲಾಸ್ತ್ ಮತ್ತು ಸ್ತಾವಿತ್, ಇಷ್ಟೂ ವ್ಯಾಕರಣ ಆ ಎರಡು ಬೈಗುಳದಲ್ಲಿ ಇತ್ತು. ಯಾವ ವ್ಯಾಕರಣದ ಚಾರ್ಟೂ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಬಟ್ಟೆ ಹಾಕ್ಕೊಳ್ಳೋದು ಬೇರೆ ಲೋಕ. ಬಟ್ಟೆಯನ್ನ ಹಾಕ್ಕೊಳ್ಳೋದು ನದೇತ್, ಇನ್ನೊಬ್ಬರಿಗೆ ಬಟ್ಟೆ ತೊಡಿಸೋದು ಅದೇತ್. ನಮ್ಮ ಉಡು ಉಡಿಸು, ತೊಡು ತೊಡಿಸು ಥರನೇ, ಹಾಗಾಗಿ ನಮಗೆ ಇದು ಕಷ್ಟ ಆಗಬಾರ್ದು. ಅವರೇ ಇದರಲ್ಲಿ ಗೊಂದಲ ಮಾಡ್ಕೋತಾರೆ, ಅದಕ್ಕೆ ಸ್ಕೂಲಲ್ಲಿ 'ನದೇತ್ ಅದೇಝ್ದು, ಅದೇತ್ ನದೇಝ್ದು' ಅಂತ ಒಂದು ಪ್ರಾಸ ಕಲಿಸ್ತಾರೆ, ಬಟ್ಟೆಯನ್ನ ತೊಡು, ನದೇಝ್ದಾಗೆ ತೊಡಿಸು ಅಂತ. ನದೇಝ್ದಾ ಅಂದ್ರೆ ಅಲ್ಲಿ ಹೆಣ್ಮಕ್ಕಳ ಹೆಸರು, ಭರವಸೆ ಅಂತ ಅರ್ಥ.

ಫೋನಲ್ಲಿರೋ ಅನುವಾದದ ಆ್ಯಪನ್ನೂ ಪಕ್ಕದಲ್ಲಿಟ್ಟು ನೋಡಿದೀನಿ. ಪೂರ್ತಿ ವಾಕ್ಯ ಕೊಟ್ರೆ ಪರವಾಗಿಲ್ಲ, ಕೆಟಲ್, ಸೈನ್ ಇಂಥವು ಸರಿ ಬಂತು. 'ಅದನ್ನ ಅಲ್ಲಿ ಇಡಿ' ಅನ್ನೋ ಥರ ವಸ್ತು ಹೆಸರು ಇಲ್ಲದ ವಾಕ್ಯ ಕೊಟ್ರೆ ಪ್ರತಿ ಸಲ ಪಲಝೀತೆ ಅಂತು. ಅದು ಪಾಪ ಏನ್ ಮಾಡತ್ತೆ, ಅದಕ್ಕೆ ನನ್ನ ಕೈಯಲ್ಲಿರೋದು ಹೂದಾನಿಯೋ ಕರ್ಚೀಫೋ ಕಾಣಲ್ಲ. ವಾರ್ಡಲ್ಲಿ ಮಾತ್ರ ಹೆಚ್ಚು ಬಳಸೋದೇ ಆ ಥರದ ವಾಕ್ಯ.

ಕೊನೇಲಿ ನನಗೆ ತುಂಬ ಇಷ್ಟ ಆದ ಪದ ಒಂದಿದೆ, ದೆತ್. ಇದೂ ಇಡೋದೇ, ಆದ್ರೆ ಎಲ್ಲಿಟ್ಟೆ ಅಂತ ಮರೆತೋದಾಗ ಬಳಸೋದು. 'ಕುದಾ ಯಾ ದೆಲ್ ಕ್ಲುಚೀ', ಕೀ ಎಲ್ಲಿ ಹಾಕ್ಬಿಟ್ಟೆ ನಾನು. ಮಲಗಿಸಿದ್ನಾ ನಿಲ್ಲಿಸಿದ್ನಾ ನೇತು ಹಾಕಿದ್ನಾ ನೆನಪಿಲ್ಲ, ಹಾಗಾಗಿ ಆ ನಾಲ್ಕರಲ್ಲಿ ಯಾವುದೂ ಬೇಡ. ಹೆಂಗಸರು ಹೇಳುವಾಗ ದೆಲ್ ಅಲ್ಲ, ದೇಲ ಅನ್ನಬೇಕು. ಆ ಅಜ್ಜಿ ಕನ್ನಡಕವನ್ನ ಹಣೆ ಮೇಲೆ ಏರಿಸ್ಕೊಂಡು ಮನೆಯೆಲ್ಲ ಹುಡುಕ್ತಾ 'ಕುದಾ ಯಾ ದೇಲ ಅಚ್ಕೀ' ಅಂತ ಗೊಣಗ್ತಿದ್ರು, ನಾನು ಅಡುಗೆಮನೆಯಿಂದ ಹಣೆ ಮುಟ್ಟಿ ತೋರಿಸ್ತಿದ್ದೆ.