ಮಾರ್ಬಲ್ ನೆಲಕ್ಕೆ ಡೈಮಂಡ್ ಪ್ಯಾಡ್: ಮೂರು ವರ್ಷ ಬಳಸಿದ ಮೇಲೆ

ಇದು ನೆಲ ಉಜ್ಜಿ ಹೊಳಪು ಕೊಡುವ, ವಜ್ರದ ಪುಡಿ ಸೇರಿಸಿದ ಏಳು ಪ್ಯಾಡ್‌ಗಳ ಸೆಟ್. ನಂಬರ್ 50, 100, 200, 400, 800, 1500, 3000. ನಂಬರ್ ಹೆಚ್ಚಾದಷ್ಟೂ ಪ್ಯಾಡ್ ನಯ. ನಾಲ್ಕು ಇಂಚಿನವು, ಮೆಷಿನ್ನಿಗೆ ಅಂಟಿಸಲು ಹಿಂದೆ ವೆಲ್ಕ್ರೋ ಇದೆ, ನೀರು ಹಾಕಿಕೊಂಡೇ ಉಜ್ಜಬೇಕು. ಮೂರು ವರ್ಷದಲ್ಲಿ ಹಾಲ್‌ಗೆ ಎರಡು ಸಲ, ಮೆಟ್ಟಿಲಿಗೆ ಒಂದು ಸಲ ಬಳಸಿದ್ದೇನೆ.

ಮೊದಲ ಸಲ ಅವಸರ ಮಾಡಿದೆ. 200 ಮುಗಿಸಿ ನೇರವಾಗಿ 1500 ಹಾಕಿದೆ. ಮಧ್ಯಾಹ್ನ ನೋಡಿದರೆ ನೆಲ ಮಿರಮಿರ ಅನ್ನುತ್ತಿತ್ತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೆಲದ ತುಂಬಾ ಬಳೆ ಬಳೆಯಂಥ ಗೀರು ಕಂಡಿತು. ತುಂಬಾ ಬೇಜಾರಾಯಿತು. ಒಂದು ಪ್ಯಾಡ್ ಬಿಟ್ಟ ಗೀರನ್ನು ಅದರ ಮುಂದಿನ ಪ್ಯಾಡ್ ತೆಗೆಯಬೇಕು. 200ರ ಗೀರು ತೆಗೆಯುವ ಶಕ್ತಿ 1500ಕ್ಕೆ ಇಲ್ಲ, ಅದು ಗೀರಿನ ಮೇಲೆಯೇ ಹೊಳಪು ಕೊಡುತ್ತದೆ ಅಷ್ಟೇ. ಮತ್ತೆ 400ರಿಂದ ಶುರು ಮಾಡಬೇಕಾಯಿತು.

ಈಗ ಪ್ರತಿ ಪ್ಯಾಡ್ ಆದ ಮೇಲೂ ಉಜ್ಜಿದಾಗ ಬರುವ ಹಾಲಿನಂಥ ನೀರನ್ನು ಪೂರ್ತಿ ತೊಳೆಯುತ್ತೇನೆ. ಹಿಂದಿನ ಪ್ಯಾಡಿನ ಒಂದು ಕಣ ಉಳಿದರೂ ಹೊಸ ಗೀರು ಗ್ಯಾರಂಟಿ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದು ನೋಡುತ್ತೇನೆ. ಒದ್ದೆ ನೆಲ ಯಾವಾಗಲೂ ಹೊಳೆಯುತ್ತೆ ಅಲ್ವಾ, ಅದನ್ನು ನಂಬಬೇಡಿ.

ಗೋಡೆ ಪಕ್ಕದ ಎರಡು ಬೆರಳಷ್ಟು ಜಾಗಕ್ಕೆ ಮೆಷಿನ್ ಹೋಗುವುದಿಲ್ಲ. ಅಲ್ಲಿ ಪ್ಯಾಡನ್ನು ಕೈಯಲ್ಲೇ ಹಿಡಿದು ಎಲ್ಲ ನಂಬರನ್ನೂ ಉಜ್ಜಬೇಕು. ಮಂಡಿ ನೋಯುತ್ತದೆ, ನಿಜ. ಬಿಟ್ಟರೆ ಕೋಣೆ ಸುತ್ತ ಮಂಕು ಪಟ್ಟಿ ಉಳಿದು, ನಡುವಿನ ಹೊಳಪೂ ಕೆಟ್ಟದಾಗಿ ಕಾಣುತ್ತದೆ.

ದೂರು ಒಂದಿದೆ. ನೀರು ಕಡಿಮೆಯಾಗಿ ಪ್ಯಾಡ್ ಬಿಸಿಯಾದಾಗ ಅದರ ಕೆಂಪು ಬಣ್ಣ ಬಿಳಿ ಕಲ್ಲಿಗೆ ಹತ್ತಿತು. ಮಾರಿದವರನ್ನು ಕೇಳಿದರೆ ಹಾಗೆಲ್ಲ ಆಗುವುದೇ ಇಲ್ಲ ಅಂದರು. ಹಿಂದಿನ ನಂಬರಿನಿಂದ ಮತ್ತೆ ಉಜ್ಜಿದ ಮೇಲೆಯೇ ಕಲೆ ಹೋಯಿತು. ಮೆಷಿನ್ ವೇಗ ಕಡಿಮೆ ಇಟ್ಟು ನೀರು ಜಾಸ್ತಿ ಬಿಟ್ಟ ಮೇಲೆ ಮತ್ತೆ ಹಾಗಾಗಿಲ್ಲ.

ಬಾಳಿಕೆ ಚೆನ್ನಾಗಿದೆ. 3000 ಇನ್ನೂ ಹೊಸದರಂತಿದೆ. ಒಂದು ಕಲ್ಲು ಪಕ್ಕದ್ದಕ್ಕಿಂತ ತುಸು ಎತ್ತರವಿದ್ದ ಸಂದಿಗೆ ಸಿಕ್ಕಿ 400ರ ಅಂಚು ಮಾತ್ರ ಹರಿದಿದೆ.

ಎರಡು ಸಲವೂ ಮೊದಲು ಮಂಕಾದದ್ದು ಬಾಗಿಲ ಹತ್ತಿರ. ಮಾರ್ಬಲ್ ಮೆತ್ತನೆಯ ಕಲ್ಲು. ಕಲ್ಲುಗಳ ಗಡಸುತನದ 1ರಿಂದ 10ರವರೆಗಿನ ಅಳತೆಯಲ್ಲಿ ಅದು ಸುಮಾರು 3, ಚಪ್ಪಲಿಗೆ ಅಂಟಿ ಬರುವ ಮರಳಿನ ಕಣ 7. ಅಲ್ಲೊಂದು ದಪ್ಪ ಮ್ಯಾಟ್ ಹಾಕಿದೆ, ಈ ವರ್ಷ ಹೊಳಪು ನಿಂತಿದೆ. ನಿಂಬೆ ರಸ, ವಿನೆಗರ್ ಬಿದ್ದರೆ ತಕ್ಷಣ ಒರೆಸಿ, ಹುಳಿ ಕಲ್ಲನ್ನೇ ತಿನ್ನುತ್ತದೆ.

ಮತ್ತೆ ಕೊಳ್ಳುವುದಾದರೆ ಬಿಳಿ ಬಣ್ಣದ ಪ್ಯಾಡ್‌ಗಳನ್ನೇ ಕೊಳ್ಳುತ್ತೇನೆ. 400ರದ್ದು ಒಂದು ಜಾಸ್ತಿ.