ವಾಷರ್ ನೀರು ಬರ್ತಿಲ್ವಾ? "ಮೋಟಾರ್ ಹೋಗಿದೆ" ಅಂದವರನ್ನ ನಂಬಬೇಡಿ

ಕೋಲಾರದವರು, ಮುಳಬಾಗಿಲು, ಬಂಗಾರಪೇಟೆ ಕಡೆಯಿಂದ ಇಲ್ಲಿಗೆ ಕಾರ್ ರಿಪೇರಿಗೆ ಬರೋರು ದಯವಿಟ್ಟು ಓದಿ. ಮುಂದಿನ ಗಾಜಿಗೆ ನೀರು ಚಿಮ್ಮಿಸೋ ವಾಷರ್ ಹೆಸರಲ್ಲಿ ನನಗೆ 3,200 ರೂಪಾಯಿ ಟೋಪಿ ಹಾಕಿದ್ದಾರೆ. ಗ್ಯಾರೇಜ್ ಹೆಸರು ಹಾಕಲ್ಲ.

ನರಸಾಪುರದ ಹತ್ರ ಹೈವೇಲಿ ಟೊಮೆಟೊ ಲಾರಿಯೊಂದು ಕೆಸರು ಎರಚಿಕೊಂಡು ಹೋಯ್ತು. ಲಿವರ್ ಎಳೆದರೆ ನೀರಿಲ್ಲ, ವೈಪರ್ ಆ ಕೆಸರನ್ನೇ ಗಾಜಿಗೆಲ್ಲ ಬಳಿದಿಟ್ಟಿತು. ಎದುರಿಗೆ ಏನೂ ಕಾಣ್ತಿಲ್ಲ. ಆ ಭಯಕ್ಕೇ ಮಾರನೇ ದಿನ ಗ್ಯಾರೇಜಿಗೆ ಹೋದೆ.

"ಗುಂಯ್ ಅಂತ ಸೌಂಡ್ ಬರುತ್ತೆ, ನೀರು ಮಾತ್ರ ಬರಲ್ಲ" ಅಂತ ಮೊದಲೇ ಹೇಳಿದೆ. ಸೌಂಡ್ ಬಂತು ಅಂದರೆ ಫ್ಯೂಸ್ ಸರಿ ಇದೆ, ಮೋಟಾರ್ ತಿರುಗ್ತಿದೆ. ಇನ್ನು ನೋಡಬೇಕಾದ್ದು ಟ್ಯಾಂಕಲ್ಲಿ ನೀರಿದೆಯಾ, ಪೈಪ್ ಕಳಚಿದೆಯಾ, ನಾಝಲ್ (ಗಾಜಿಗೆ ನೀರು ಚಿಮ್ಮೋ ಸಣ್ಣ ತೂತು) ಕಟ್ಟಿದೆಯಾ. ಗ್ಯಾರೇಜಿನವನು ಬಾನೆಟ್ ಕೂಡ ಎತ್ತಲಿಲ್ಲ. "ಆ ಸೌಂಡ್ ಬರ್ತಿದೆ ಅಂದ್ರೇನೇ ಮೋಟಾರ್ ವೀಕು ಸಾರ್. ಬಂಪರ್ ಬಿಚ್ಚಿ ಚೇಂಜ್ ಮಾಡ್ಬೇಕು, ಸಂಜೆ ಬನ್ನಿ."

ಸಂಜೆ ನೀರು ಚೆನ್ನಾಗೇ ಚಿಮ್ಮಿತು. ಮೋಟಾರಿಗೆ 2,400, ಬಂಪರ್ ಬಿಚ್ಚಿದ ಕೂಲಿ 800. ಹಳೇ ಮೋಟಾರ್ ಕೊಡಪ್ಪಾ ಅಂದರೆ "ಗುಜರಿಗೆ ಹಾಕ್ಬಿಟ್ವಿ." ಬಿಲ್ ಅಂದರೆ "ಜಿಎಸ್‌ಟಿ ಬೀಳುತ್ತೆ ಸಾರ್, ಸುಮ್ನೆ ಯಾಕೆ."

ವಾರ ಕಳೆದಿಲ್ಲ, ಮತ್ತೆ ಅದೇ ಕತೆ. ಈ ಸಲ ಟಮಕದ ಕಡೆ ಒಬ್ಬ ಎಲೆಕ್ಟ್ರಿಷಿಯನ್ ಹತ್ರ ಹೋದೆ. ಅವನು ನಾಝಲ್ಲಿಗೆ ಸೂಜಿ ಹಾಕಿ ಮೆಲ್ಲಗೆ ಆಡಿಸಿದ, ಬೆಳ್ಳಗೆ ಪುಡಿ ಉದುರಿತು, ನೀರು ಬಂತು! "ಬೋರ್ ನೀರಿನ ಉಪ್ಪು ಅಣ್ಣಾ, ನಮ್ಮೂರಲ್ಲಿ ಇದು ಮಾಮೂಲಿ." ಆ ಬೋರ್ ನೀರು ತುಂಬಿದ್ದು ಯಾರು? ಪ್ರತಿ ಸರ್ವಿಸಲ್ಲೂ ಅದೇ ಗ್ಯಾರೇಜಿನವರು, ಗಾಡಿ ತೊಳೆಯೋ ಪೈಪಲ್ಲೇ!

ಹೊಸ ಮೋಟಾರ್ ಹಾಕ್ಸಿದೀನಲ್ಲಪ್ಪಾ ಅಂದೆ. ಅವನು ಟಾರ್ಚ್ ಹಿಡಿದು ಬಂಪರ್ ಕೆಳಗೆ ಬಗ್ಗಿದ. "ಯಾವ ಬಂಪರ್ ಬಿಚ್ಚಿದ್ದು ಅಣ್ಣಾ?" ನಾನೂ ಬಗ್ಗಿ ನೋಡಿದೆ. ಸ್ಕ್ರೂ ತಲೆಗಳ ಮೇಲೆ ಯಾವ ಕಾಲದ್ದೋ ಮಣ್ಣು ಗಟ್ಟಿಯಾಗಿ ಕೂತಿದೆ. ಒಂದಕ್ಕೂ ಸ್ಪ್ಯಾನರ್ ಸೋಕಿಲ್ಲ. ಬಿಚ್ಚೇ ಇಲ್ಲ ಸ್ವಾಮಿ, ಬಿಚ್ಚೇ ಇಲ್ಲ! ಒಂದು ಸೂಜಿ ಚುಚ್ಚಿ 3,200 ತಗೊಂಡಿದ್ದಾರೆ. ಅಲ್ಲಿದ್ದ ಆಟೋದವರು ನಕ್ಕರು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಇವನು ತಗೊಂಡಿದ್ದು 50 ರೂಪಾಯಿ, ಅದೂ ನಾನು ಬಲವಂತ ಮಾಡಿದ್ದಕ್ಕೆ.

ಅಲ್ಲೇ ನಿಂತು ಗ್ಯಾರೇಜಿಗೆ ಫೋನ್ ಮಾಡಿದೆ. "ನಿಮ್ಮ ಗಾಡೀಲಿರೋದು ಒರಿಜಿನಲ್ ಮೋಟಾರೇ ಸಾರ್, ಬೇಕಾದ್ರೆ ಚೆಕ್ ಮಾಡ್ಸಿ." ಹೌದಪ್ಪಾ, ಒರಿಜಿನಲ್ಲೇ, ಕಂಪನಿಯವರು ಗಾಡಿ ಜೊತೆ ಕೊಟ್ಟಿದ್ದು! ಸ್ಕ್ರೂ ವಿಷಯ ಎತ್ತಿದ ತಕ್ಷಣ "ಆ ಕೆಲಸ ಮಾಡಿದ ಹುಡುಗ ಬಿಟ್ಟೋದ ಸಾರ್." ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಹಿಂದೆನೇ ಕೈಮುಗಿಯೋ ಇಮೋಜಿ. ಕೈಮುಗಿಯೋದಂತೆ!

ಗುಂಯ್ ಅಂತಿದ್ದರೆ ಮೊದಲು ಮನೇಲೇ ಸೂಜಿ ಹಾಕಿ ನೋಡಿ. ಟ್ಯಾಂಕಿಗೆ ಬೋರ್ ನೀರು ಬಿಡೋಕೆ ಬಿಡಬೇಡಿ, ಫಿಲ್ಟರ್ ನೀರು ಹಾಕಿ. ಹಳೇ ಪಾರ್ಟ್ ಕೈಗೆ ಬರೋವರೆಗೂ ದುಡ್ಡು ಬಿಚ್ಚಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ ಅಂದಿದ್ದಕ್ಕೆ "ಬಿಲ್ ಇದ್ಯಾ ಸಾರ್?" ಅಂತ ನನ್ನನ್ನೇ ಕೇಳ್ತಾನೆ. ಫೋನ್‌ಪೇ ಮೆಸೇಜ್ ಇದೆ ಕಣಯ್ಯಾ. ಅದನ್ನೇ ಹಾಕಿ ಕೊಡ್ತಿದೀನಿ.