ಹೋಂಸ್ಟೇಯ ಸೆಪ್ಟಿಕ್ ಟ್ಯಾಂಕ್ ಸರಿಮಾಡಿಸಿದೆವು: ಒಂದು ಮಳೆಗಾಲ ಕಳೆದ ಮೇಲೆ

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ, ಶಿರಿಯಾ ಹೊಳೆ ಬದಿಯಲ್ಲಿ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಡಿಸೆಂಬರ್ ರಜೆಯಲ್ಲಿ, ಏಪ್ರಿಲ್-ಮೇಯಲ್ಲಿ ಜನ ತುಂಬಿರುತ್ತಾರೆ. ಪಿಕ್ನಿಕ್‌ಗೆ ಬಂದವರೂ ಸೇರಿ ಶನಿವಾರ 40 ಮಂದಿ ಆಗುವುದುಂಟು. ಜೂನ್ ಹಿಡಿದರೆ ಮೂರು ತಿಂಗಳು ಒಬ್ಬರೂ ಇಲ್ಲ.

ಹಳೆಯ ಸೆಪ್ಟಿಕ್ ಟ್ಯಾಂಕ್‌ನ ನೀರು ರಿಂಗ್ ಇಳಿಸಿದ ಇಂಗುಗುಂಡಿಗೆ ಹೋಗುತ್ತಿತ್ತು. ನಮ್ಮದು ಹೊಯಿಗೆ ನೆಲ, ಬರೀ ಮರಳು. ಮಳೆಗಾಲದಲ್ಲಿ ಮೊಣಕಾಲುದ್ದ ಅಗೆದರೆ ನೀರು. ಹಾಗಿರುವಾಗ ಗುಂಡಿಯ ನೀರು ಇಂಗುವುದೆಲ್ಲಿಗೆ? ಹೋದ ವರ್ಷ ಜುಲೈಯಲ್ಲಿ ಬಾವಿ ನೀರು ಪರೀಕ್ಷೆಗೆ ಕೊಟ್ಟೆ. ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಇದೆ ಅಂತ ಬಂತು. ಕುಡಿಯುವ ನೀರಿನಲ್ಲಿ, 100 ಮಿ.ಲೀ.ಗೆ ಅದು ಒಂದೂ ಇರಬಾರದು. ಅತ್ತೆ ಕುಡಿಯುತ್ತಿದ್ದದ್ದು ಅದೇ ನೀರು. ಅತಿಥಿಗಳಿಗೆ ಕೊಟ್ಟದ್ದೂ ಅದೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುಂಡಿ ಬಾವಿಯಿಂದ 8 ಮೀಟರ್ ದೂರ ಇತ್ತು. ಕೇರಳದ ಕಟ್ಟಡ ನಿಯಮ ಕೇಳುವುದು 7.5 ಮೀಟರ್. ನಿಯಮಕ್ಕೆ ಸರಿಯಿತ್ತು, ಹೊಯಿಗೆಗೆ ಸಾಲಲಿಲ್ಲ.

ಸರಿಮಾಡಿಸಲು ಎರಡು ತಂಡದವರನ್ನು ಕರೆಸಿದೆ. ಮೊದಲು ಬಂದವರು, ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ಹೂತು, ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಪುಡಿ ಹಾಕಿದರೆ ಆಯಿತು ಎಂದರು. ಎರಡನೆಯ ತಂಡದ ಮೇಸ್ತ್ರಿ ಜಗಲಿಯಲ್ಲಿ ಕೂತವರೇ ಕೇಳಿದ್ದು: "ಅಕ್ಕಾ, ತುಂಬಾ ಜಾಸ್ತಿ ಜನ ಬಂದ ದಿನ ಎಷ್ಟು ಮಂದಿ? ಯಾರೂ ಇಲ್ಲದ್ದು ಎಷ್ಟು ತಿಂಗಳು?" ಬುಕಿಂಗ್ ಪುಸ್ತಕ ತಂದು ತೋರಿಸಿದೆ. ಕೆಲಸ ಅವರಿಗೇ ಕೊಟ್ಟೆ.

ಒಮ್ಮೆಲೇ ನೀರು ನುಗ್ಗಿದರೆ ಟ್ಯಾಂಕ್ ಅಡಿಯಲ್ಲಿ ಕೂತ ಕೆಸರು ಎದ್ದು ಹೊರಗೆ ಹೋಗುತ್ತದೆ. ನಮಗೆ ಆಗುತ್ತಿದ್ದದ್ದು ಅದೇ. ಇವರು ಹಳೆ ಟ್ಯಾಂಕ್ ಉಳಿಸಿಕೊಂಡು, ಅದರಿಂದ ಹೊರಬರುವ ನೀರಿಗೆ ಜಲ್ಲಿ ತುಂಬಿದ ಎರಡು ಸಣ್ಣ ತೊಟ್ಟಿ ಕಟ್ಟಿದರು. ನೀರು ಅಡಿಯಿಂದ ಮೇಲೆ ಏರಿ ಸೋಸಿ ಬರುತ್ತದೆ. ಆಮೇಲೆ ನೀರು ಹಿಡಿದಿಡುವ ಒಂದು ತೊಟ್ಟಿ, ಟೈಮರ್ ಇರುವ ಸಣ್ಣ ಪಂಪು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಶನಿವಾರದ ನೀರು ಮುಗಿಯುವಾಗ ಮಂಗಳವಾರ! ಕೊನೆಗೆ ಬಾವಿಯಿಂದ 22 ಮೀಟರ್ ದೂರದಲ್ಲಿ, ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಕೆಂಪುಕಲ್ಲಿನ ಕಟ್ಟೆ. ಒಳಗೆ ಜಲ್ಲಿ, ಮೇಲೆ ಕಾಬಾಳೆ ಗಿಡ. ಅಲ್ಲಿಂದ ಬಂದ ನೀರು ತೆಂಗಿನ ಬುಡಕ್ಕೆ. ಅಡುಗೆಮನೆ ಹೊರಗೆ ಎಣ್ಣೆ ತಡೆಯುವ ತೊಟ್ಟಿಯೂ ಇದೆ. ಮೀನು ಹುರಿಯುವ ಮನೆಗೆ ಅದು ಬೇಕೇ ಬೇಕು.

ಖರ್ಚು 2,80,000 ರೂಪಾಯಿ. ಹಳೆ ಗುಂಡಿ ಬರಿದು ಮಾಡಿ ಮುಚ್ಚಿದರು, ಬಾವಿಗೆ ಬ್ಲೀಚಿಂಗ್ ಹಾಕಿದರು. ಈ ಜುಲೈ, ಆಗಸ್ಟ್‌ನಲ್ಲಿ ಎರಡು ಸಲ ನೀರು ಪರೀಕ್ಷೆ ಮಾಡಿಸಿದೆ. ಇ-ಕೋಲಿ ಸಿಗಲಿಲ್ಲ. ಕುಡಿಯುವ ನೀರನ್ನು ಈಗಲೂ ಕುದಿಸುತ್ತೇವೆ.

ಬೇಸರದ ವಿಷಯವೂ ಇದೆ. ವಿಷುವಿಗೆ ಮೊದಲು ಮುಗಿಸುತ್ತೇವೆ ಎಂದವರು ಮುಗಿಸಿದ್ದು ಮೇ ಮೊದಲ ವಾರ. ಏಪ್ರಿಲ್‌ನ ಬುಕಿಂಗ್ ಅಷ್ಟೂ ಹೋಯಿತು. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಪಂಪಿನ ತೊಟ್ಟಿ ಒಂದು ದಿನದ ನೀರು ಮಾತ್ರ ತಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ, ಇದನ್ನು ಅವರು ಮೊದಲೇ ಹೇಳಬೇಕಿತ್ತು ಅಲ್ವಾ? ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದಾಗ ಒಂದು ವಾರ ಸ್ವಲ್ಪ ವಾಸನೆ ಬಂತು. ಮೂರು ತಿಂಗಳು ಬಳಕೆ ಇಲ್ಲದ ಟ್ಯಾಂಕ್‌ನಲ್ಲಿ ಬ್ಯಾಕ್ಟೀರಿಯಾ ಬಡವಾಗಿರುತ್ತದಂತೆ. ಮೊದಲ ವಾರ ಎರಡೇ ಕೋಣೆ ಕೊಡಿ, ಟಾಯ್ಲೆಟ್‌ಗೆ ಆಸಿಡ್ ಹಾಕಬೇಡಿ ಎಂದರು. ಹಾಗೇ ಮಾಡಿದೆ, ವಾಸನೆ ಹೋಯಿತು.

ಎಣ್ಣೆ ತೊಟ್ಟಿಯ ಮುಚ್ಚಳ ಮಾತ್ರ ನನ್ನೊಬ್ಬಳಿಂದ ಎತ್ತಲು ಆಗುತ್ತಿಲ್ಲ. ವಾರಕ್ಕೊಮ್ಮೆ ತೆಗೆಯಬೇಕಾದದ್ದು. ಮೊನ್ನೆ ಫೋನ್ ಮಾಡಿದೆ. ಎರಡು ತುಂಡಿನ ಮುಚ್ಚಳ ಮಾಡಿ ಭಾನುವಾರ ತರುತ್ತೇವೆ ಎಂದಿದ್ದಾರೆ.